ಅಡವಿನ ಶಾಸನವೂ ಮನೆಯ ಕ್ರಯಪತ್ರವೂ

ಜೈನಾಚಾರವು ವ್ರತಿಗಳನ್ನು ಎರಡು ವರ್ಗಗಳಾಗಿ ವಿಂಗಡಿಸುವಾಗ ಹಿಡಿಯುವ ಅಳತೆಗೋಲು ಮನೆ. ಅಗಾರವುಳ್ಳವನು ಅಗಾರಿ, ಸಾಗಾರ; ಅಗಾರವನ್ನು ತೊರೆದವನು ಅನಗಾರ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ಭೇದವನ್ನು ಹೇಳಿದ ಮೇಲೆಯೇ ಅಗಾರಿಯನ್ನು ಅಣುವ್ರತಿಯೆಂದು ಕರೆಯುತ್ತದೆ. 13ನೆಯ ಶತಮಾನದ ಪಂಡಿತ ಆಶಾಧರನು ಗೃಹಸ್ಥಧರ್ಮವನ್ನು ಕುರಿತು ಬರೆದ ಗ್ರಂಥಕ್ಕೆ ಸಾಗಾರಧರ್ಮಾಮೃತವೆಂದೇ ಹೆಸರಿಟ್ಟನು. ಅದರಲ್ಲಿ ಶ್ರಾವಕನ ಗುಣಗಳನ್ನು ಎಣಿಸುವಾಗ ಮೊದಲ ಸ್ಥಾನವನ್ನು ನ್ಯಾಯೋಪಾತ್ತಧನಕ್ಕೆ, ಅಂದರೆ ನ್ಯಾಯದಿಂದ ಗಳಿಸಿದ ಧನಕ್ಕೆ ಕೊಟ್ಟನು. ಇಷ್ಟಾದರೂ ಗೃಹಸ್ಥನು ತನ್ನ ಜೀವಮಾನದಲ್ಲಿ ನಡೆಸುವ ಅತಿ ದೊಡ್ಡ ವ್ಯವಹಾರವಾದ ಮನೆಯ ಖರೀದಿಯನ್ನು ಧರ್ಮವಿಚಾರದ ಹೊರಗಿಡುವ ರೂಢಿ ಸಮಾಜದಲ್ಲಿ ಬೆಳೆದಿದೆ. ಮನೆಯೊಳಗೆ ಪಾರ್ಶ್ವನಾಥನ ಪ್ರತಿಮೆಯನ್ನು ಯಾವ ದಿಕ್ಕಿಗೆ ಇರಿಸಬೇಕೆಂದು ಕೇಳುವವರು ಅನೇಕರು; ಮನೆಯ ಪತ್ರದಲ್ಲಿ ಯಾವ ಬೆಲೆಯನ್ನು ಬರೆಸಬೇಕೆಂದು ಧರ್ಮವನ್ನು ಕೇಳುವವರು ವಿರಳ.

ಹಾಸನದಿಂದ ಸಾಲಗಾಮೆಯ ಕಡೆಗೆ ಹೊರಡುವ ರಸ್ತೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. 1960ರಲ್ಲಿ ಸ್ಥಾಪಿತವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಈ ರಸ್ತೆಯಲ್ಲಿದೆ. ಊರು ಬೆಳೆದಂತೆ ಹೊಲಗಳು ನಿವೇಶನಗಳಾದವು, ನಿವೇಶನಗಳು ಬಡಾವಣೆಗಳಾದವು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಕುಟುಂಬಗಳಿಗೆ ಮಕ್ಕಳ ವಿದ್ಯಾಭ್ಯಾಸ, ವ್ಯಾಪಾರ, ನಿವೃತ್ತಿಯ ನೆಮ್ಮದಿ ಎಲ್ಲಕ್ಕೂ ಹಾಸನದಲ್ಲೊಂದು ಮನೆ ಬೇಕೆನಿಸುವುದು ಸಹಜ. ಆ ಬಯಕೆ ದೋಷವಲ್ಲ. ಆದರೆ ರಾಜ್ಯದ ಇತರ ಊರುಗಳಂತೆ ಇಲ್ಲಿಯೂ ಒಂದು ಮನೆಗೆ ಎರಡು ಬೆಲೆಗಳಿರುವುದನ್ನು ಜನ ಸಹಜವೆಂದೇ ಒಪ್ಪಿಕೊಂಡಿದ್ದಾರೆ: ಒಂದು ಪತ್ರದ ಬೆಲೆ, ಮತ್ತೊಂದು ನಿಜವಾದ ಬೆಲೆ. ವಿಮರ್ಶೆಗೆ ಒಳಗಾಗಬೇಕಾದದ್ದು ಈ ಸಹಜಭಾವ.

ಈ ವಿಮರ್ಶೆಗೆ ಬೇಕಾದ ಆಧಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಶಕ 1556ರ ಭಾವ ಸಂವತ್ಸರದ, ಅಂದರೆ ಕ್ರಿ.ಶ. 1634ರ ಒಂದು ಶಾಸನವಿದೆ. ಸಾಲ, ಅಡವು, ಹೊಣೆ ಈ ಮೂರೇ ಅದರ ವಸ್ತು. ಗೊಮ್ಮಟಸ್ವಾಮಿಯ ಪೂಜೆಗೆಂದು ಬಿಟ್ಟಿದ್ದ ಭೂಮಿಯನ್ನು ಸ್ಥಾನಿಕರು ವರ್ತಕರಿಗೆ ಅಡವಿಟ್ಟಿದ್ದರು. ಅಡವು ಹಿಡಿದವರು ಬಹುಕಾಲ ಅದರ ಫಲವನ್ನು ಅನುಭವಿಸುತ್ತಿದ್ದರು. ದೇವರ ಸೇವೆ ಕುಂದಿತ್ತು. ಮೈಸೂರಿನ ಚಾಮರಾಜ ಒಡೆಯರು ಇದನ್ನು ವಿಚಾರಿಸಿ, ಅಡವು ಹಿಡಿದಿದ್ದ ಚನ್ನಣ್ಣ ಮೊದಲಾದವರನ್ನು ಕರೆಸಿ, ಅವರ ಸಾಲವನ್ನು ತಾವೇ ತೀರಿಸಿಕೊಡುವುದಾಗಿ ಹೇಳಿದರು. ಆಗ ಆ ವರ್ತಕರು ಹಣವನ್ನು ಪಡೆಯದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು, ಗೊಮ್ಮಟಸ್ವಾಮಿಯ ಮತ್ತು ಚಾರುಕೀರ್ತಿ ಪಂಡಿತದೇವರ ಸನ್ನಿಧಿಯಲ್ಲಿ ಅಡವಿನ ಹಕ್ಕನ್ನು ಧಾರೆಯೆರೆದು ಬಿಟ್ಟುಕೊಟ್ಟರು. ಇನ್ನು ಮುಂದೆ ದೇವರ ಭೂಮಿಯನ್ನು ಅಡವಿಡುವ ಸ್ಥಾನಿಕರೂ ಅದನ್ನು ಅಡವು ಹಿಡಿಯುವವರೂ ಧರ್ಮಕ್ಕೆ ಹೊರಗೆಂಬ ಕಟ್ಟಳೆಯೂ ಆಯಿತು.

ಈ ಶಾಸನವನ್ನು ದೊರೆಯ ಔದಾರ್ಯದ, ವರ್ತಕರ ತ್ಯಾಗದ ಕಥೆಯಾಗಿ ಓದುವುದು ವಾಡಿಕೆ. ಆ ಓದು ತಪ್ಪಲ್ಲ, ಆದರೆ ಅಪೂರ್ಣ. ಸಾಲ ಮಾಡಿದವರು ಸ್ಥಾನಿಕರು; ಅದನ್ನು ನೀಗಲು ಮುಂದಾದವರು ದೊರೆ; ಬಿಟ್ಟುಕೊಟ್ಟವರು ವರ್ತಕರು. ಪ್ರಕರಣದ ಮೂಲಕರ್ತೃಗಳಾದ ಸ್ಥಾನಿಕರು ಏನನ್ನು ತೆತ್ತರೆಂಬುದು ಈ ಕಥೆಯಲ್ಲಿ ಬರುವುದಿಲ್ಲ. ಇಂದಿನ ಓದುಗನು ಇಲ್ಲಿ ತಡೆದು ನಿಲ್ಲಬೇಕು. ಮತ್ತೊಬ್ಬನ ಕೃಪೆಯಿಂದ ಸಾಲ ತೀರಬಹುದು. ಸಾಲ ಮಾಡಿದವನ ಹೊಣೆ ಅದರಿಂದ ತೀರುವುದಿಲ್ಲ. ಶಾಸನದ ನಿಜವಾದ ನೈತಿಕ ಸತ್ತ್ವವಿರುವುದು ಅದರ ಕೊನೆಯ ಕಟ್ಟಳೆಯಲ್ಲಿ. ಅಡವಿಟ್ಟವನನ್ನೂ ಅಡವು ಹಿಡಿದವನನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಕೊಟ್ಟವನು ಬಲ್ಲವನು, ಪಡೆದವನು ಮುಗ್ಧನು ಎಂಬ ವಿನಾಯಿತಿ ಅಲ್ಲಿಲ್ಲ.

ತೆರಿಗೆಯ ವಿಷಯದಲ್ಲಿಯೂ ಶ್ರವಣಬೆಳಗೊಳದ ಕಲ್ಲು ಮೌನವಾಗಿಲ್ಲ. ಹೊಯ್ಸಳರ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ ಬುಕ್ಕರಾಯನ ಕಾಲದ 1368ರ ಪ್ರಸಿದ್ಧ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವ್ಯಾಜ್ಯವನ್ನು ಬುಕ್ಕರಾಯನು ಬಗೆಹರಿಸಿದ ವೃತ್ತಾಂತಕ್ಕಾಗಿ ಅದನ್ನು ಎಲ್ಲರೂ ಸ್ಮರಿಸುತ್ತಾರೆ. ಅದರೊಳಗಿನ ತೆರಿಗೆಯ ಭಾಗವನ್ನು ಸ್ಮರಿಸುವವರು ಕಡಿಮೆ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ದ್ರವ್ಯದಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಿ ಸರಿಪಡಿಸಬೇಕು. ಹಣವನ್ನು ಎತ್ತುವ ಹೊಣೆ ತಿರುಮಲೆಯ ತಾತಯ್ಯನದು. ಈ ಕಟ್ಟಳೆಯನ್ನು ಮುರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಬಾಗಿಲೊಂದಕ್ಕೆ ಒಂದು ಹಣವೆಂದರೆ ಬಾಗಿಲೊಂದಕ್ಕೆ ಒಂದು ಹೊಣೆ. ನೆರೆಮನೆಯವನು ಕೊಟ್ಟನೋ ಇಲ್ಲವೋ ಎಂಬುದು ಈ ಮನೆಯವನ ಲೆಕ್ಕಕ್ಕೆ ಬರುವ ಸಂಗತಿಯಲ್ಲ.

ಈ ಹಿನ್ನೆಲೆಯಲ್ಲಿ ಇಂದಿನ ಕ್ರಯಪತ್ರವನ್ನು ಪರೀಕ್ಷಿಸಬಹುದು. ಒಂದು ಮನೆಯ ನಿಜವಾದ ಬೆಲೆ 40 ಲಕ್ಷ ರೂಪಾಯಿ; ಸರ್ಕಾರದ ಮಾರ್ಗಸೂಚಿ ಬೆಲೆ 24 ಲಕ್ಷವೆಂದು ಭಾವಿಸೋಣ. ಪತ್ರದಲ್ಲಿ 24 ಲಕ್ಷವೆಂದು ಬರೆಸಿ, 16 ಲಕ್ಷವನ್ನು ಕೈಯಿಂದ ಕೈಗೆ ಕೊಡಲಾಗುತ್ತದೆ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ 5. ಆ ಶುಲ್ಕದ ಮೇಲೆ ಉಪಕರ, ಅಧಿಭಾರಗಳು ಸೇರಿ ನಗರ ಪ್ರದೇಶದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಯಿತು. ಈ ಲೆಕ್ಕದಲ್ಲಿ ಕೊಳ್ಳುವವನು ಉಳಿಸುವುದು 1,21,600 ರೂಪಾಯಿ. ಮಾರುವವನು 16 ಲಕ್ಷವನ್ನು ಆದಾಯ ತೆರಿಗೆಯ ಕಣ್ಣಿನಿಂದ ಮರೆಮಾಡುತ್ತಾನೆ. ಶುಲ್ಕವನ್ನು ನಿರ್ಧರಿಸುವ ಸಂಗತಿಗಳೆಲ್ಲವೂ ಪತ್ರದಲ್ಲಿ ಪೂರ್ಣವಾಗಿ, ಸತ್ಯವಾಗಿ ಇರಬೇಕೆಂಬುದು 1957ರ ಕರ್ನಾಟಕ ಮುದ್ರಾಂಕ ಕಾಯಿದೆಯ ವಿಧಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್ 1ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿತು. ಮೀರಿದವನಿಗೆ ಪಡೆದಷ್ಟೇ ದಂಡ.

ಕಾನೂನಿನ ಮಾತು ಅಷ್ಟಿರಲಿ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಹೇಳುತ್ತದೆ. ನಡೆಯದುದನ್ನು ನಡೆದಂತೆ, ಹೇಳದುದನ್ನು ಹೇಳಿದಂತೆ ವಂಚನೆಗಾಗಿ ಬರೆಯುವುದು ಅದರ ಅರ್ಥವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. 24 ಲಕ್ಷದ ಪತ್ರಕ್ಕೆ ಇದಕ್ಕಿಂತ ನಿಖರವಾದ ಹೆಸರು ಸಿಗದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೊಂದು. ಟೀಕೆಯ ಮೂಲ ಸಂದರ್ಭ ರಾಜ್ಯವ್ಯವಸ್ಥೆ ಕೆಟ್ಟಾಗ ಬೆಲೆಬಾಳುವ ವಸ್ತುವನ್ನು ಅಲ್ಪ ಮೌಲ್ಯಕ್ಕೆ ಪಡೆಯುವ ಯತ್ನವೇ ಹೊರತು ನೇರವಾಗಿ ತೆರಿಗೆಯಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆದರೆ ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ಬಗೆಯಿಂದ ಪಡೆಯುವುದೇ ಅತಿಕ್ರಮವೆಂಬ ಅಲ್ಲಿಯ ಅಳತೆ ಇಲ್ಲಿಗೂ ಸಲ್ಲುತ್ತದೆ. ಮೂರನೆಯದು ಹೀನಾಧಿಕ ಮಾನೋನ್ಮಾನ, ಅಳತೆ ತೂಕಗಳಲ್ಲಿ ಮೋಸ. ಮನೆಕಂದಾಯದ ಸ್ವಯಂಘೋಷಣೆಯ ನಮೂನೆಯಲ್ಲಿ ಕಟ್ಟಡದ ಚದರಡಿಯನ್ನು ಕುಗ್ಗಿಸಿ ಬರೆಯುವವನು, ಬಾಡಿಗೆಗೆ ಕೊಟ್ಟ ಮಹಡಿಯನ್ನು ಸ್ವಂತ ವಾಸವೆನ್ನುವವನು, ಅಂಗಡಿಯ ತಕ್ಕಡಿಯಲ್ಲಿ ಮಾಡದ ಮೋಸವನ್ನು ಮನೆಯ ಅಳತೆಯಲ್ಲಿ ಮಾಡುತ್ತಾನೆ.

ಕೂಟಲೇಖದ ಫಲ ಪರಲೋಕಕ್ಕೆ ಕಾಯುವುದಿಲ್ಲ. ಬ್ಯಾಂಕು ಪತ್ರದ ಬೆಲೆಯನ್ನು ನೋಡಿ ಸಾಲ ಕೊಡುವುದರಿಂದ, ಮರೆಮಾಡಿದ 16 ಲಕ್ಷವನ್ನು ಕೈಸಾಲದಿಂದಲೋ ಮನೆಯ ಹೆಣ್ಣುಮಕ್ಕಳ ಒಡವೆಯ ಗಿರವಿಯಿಂದಲೋ ತರಬೇಕಾಗುತ್ತದೆ. ಮುಂದೆ ಆ ಮನೆಯನ್ನು 50 ಲಕ್ಷಕ್ಕೆ ಮಾರಿದರೆ ನಿಜವಾದ ಲಾಭ 10 ಲಕ್ಷ. ಪತ್ರದ ಲೆಕ್ಕದಲ್ಲಿ 26 ಲಕ್ಷ. 2024ರ ಜುಲೈ 23ರಿಂದ ದೀರ್ಘಾವಧಿಯ ಬಂಡವಾಳ ಲಾಭಕ್ಕೆ ಶೇ 12.5ರ ದರ ಬಂದಿತು; ಉಪಕರವನ್ನು ಬಿಟ್ಟು ಎಣಿಸಿದರೆ 1,25,000ಕ್ಕೆ ಬದಲಾಗಿ 3,25,000 ರೂಪಾಯಿ ತೆರಿಗೆ. ಅಂದು ಉಳಿಸಿದುದಕ್ಕಿಂತ ಇಂದು ತೆರುವುದು ಹೆಚ್ಚು. ತೆರಲು ಮನಸ್ಸಿಲ್ಲದವನು ತನ್ನಿಂದ ಕೊಳ್ಳುವವನಿಗೂ ಸುಳ್ಳು ಪತ್ರವನ್ನೇ ಬರೆದುಕೊಡಬೇಕಾಗುತ್ತದೆ. ಹೀಗೆ ಮನೆಯೊಡನೆ ಸುಳ್ಳೂ ಕ್ರಯವಾಗಿ ಕೈಯಿಂದ ಕೈಗೆ ಸಾಗುತ್ತದೆ.

ಇನ್ನು ಸಾಲದ ವಿಚಾರ. ಗೃಹಸಾಲವೇ ಅಧರ್ಮವೆಂದು ಯಾವ ಗ್ರಂಥವೂ ಹೇಳುವ ಅಗತ್ಯವಿಲ್ಲ. ಪ್ರಶ್ನೆ ಪ್ರಮಾಣದ್ದು. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವ ಸೂತ್ರದ ಮೊದಲ ಜೋಡಿಯೇ ಕ್ಷೇತ್ರ ಮತ್ತು ವಾಸ್ತು, ಹೊಲ ಮತ್ತು ಮನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಬೇರೆಯ ಐದು ಅತಿಚಾರಗಳನ್ನು ಕೊಡುತ್ತಾರೆ. ಅವುಗಳಲ್ಲಿ ಅತಿವಾಹನ, ಅತಿಭಾರವಹನಗಳಿವೆ. ಶಕ್ತಿಮೀರಿ ನಡೆಸುವುದು, ಶಕ್ತಿಮೀರಿ ಹೊರಿಸುವುದು ಎಂದು ಅವುಗಳ ಅರ್ಥ. ಅಂದು ಆ ನೊಗ ಎತ್ತಿನ ಹೆಗಲ ಮೇಲಿತ್ತು. ಇಂದು ಅದು ಕುಟುಂಬದ ಹೆಗಲ ಮೇಲಿದೆ. 30 ಲಕ್ಷ ರೂಪಾಯಿ ಸಾಲಕ್ಕೆ ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 27,000. ಒಟ್ಟು ತೀರಿಸುವುದು ಸುಮಾರು 64 ಲಕ್ಷ 78 ಸಾವಿರ. ಬಡ್ಡಿಯೇ ಅಸಲಿಗಿಂತ ಹೆಚ್ಚು. ಈ ಲೆಕ್ಕವನ್ನು ಮನೆಯವರೆಲ್ಲರೂ ಕುಳಿತು ನೋಡಿದ ಮೇಲೆ ಸಹಿ ಹಾಕುವವನು ಹೊಣೆಯರಿತವನು. ನೆಂಟರ ಮನೆಗಿಂತ ಒಂದು ಅಂತಸ್ತು ಎತ್ತರವಾಗಲೆಂದು ಸಹಿ ಹಾಕುವವನು ಮಕ್ಕಳ ದುಡಿಮೆಯನ್ನು ಅವರನ್ನು ಕೇಳದೆ ಅಡವಿಡುತ್ತಾನೆ.

ತೆರಿಗೆ ಉಳಿಸಲೆಂದೇ ಸಾಲ ಮಾಡಬೇಕೆಂಬ ಉಪದೇಶವೂ ಪರೀಕ್ಷೆಗೆ ನಿಲ್ಲದು. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಡಿತವುಂಟು; ಹೊಸ ಪದ್ಧತಿಯಲ್ಲಿ ಅದಿಲ್ಲ. ಶೇ 20ರ ದರದಲ್ಲಿ ತೆರಿಗೆ ಕೊಡುವವನು 2 ಲಕ್ಷ ಬಡ್ಡಿ ತೆತ್ತು ಉಳಿಸುವುದು 40,000. ಬೇಕಾದ ಮನೆಗೆ ಇದು ನ್ಯಾಯವಾದ ನೆರವು. ಬೇಡದ ಮನೆಗೆ ಲೋಭದ ನೆಪ.

ಆಕ್ಷೇಪಗಳಿಲ್ಲದಿಲ್ಲ. ಮಾರುವವನು ಒಪ್ಪುವುದಿಲ್ಲ, ದಲ್ಲಾಳಿ ಹೇಳಿದಂತೆ ಪತ್ರ ಬರೆಯುವವನು ಬರೆದ, ಕೊಟ್ಟ ತೆರಿಗೆ ಪೋಲಾಗುತ್ತದೆ, ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬ ನಾಲ್ಕು ಮಾತುಗಳು ಎಲ್ಲೆಡೆ ಕೇಳಿಬರುತ್ತವೆ. ಇವುಗಳಲ್ಲಿ ಮೊದಲನೆಯದು ಮಾತ್ರ ನಿಜವಾದ ಕಷ್ಟ. ಒಲ್ಲದ ಮಾರಾಟಗಾರನಿಂದ ಸತ್ಯವನ್ನು ಬರೆಸುವುದು ಸುಲಭವಲ್ಲ. ಕೆಲವೊಮ್ಮೆ ಒಲಿದ ಮನೆಯನ್ನೇ ಬಿಡಬೇಕಾದೀತು. ವ್ರತವೆಂಬುದಕ್ಕೆ ಬೆಲೆಯಿದ್ದರೆ ಅದು ಇಂಥಲ್ಲಿಯೇ. ಉಳಿದ ಮಾತುಗಳಿಗೆ ಜೈನ ಕರ್ಮಸಿದ್ಧಾಂತದಲ್ಲಿ ಆಸರೆಯಿಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕ್ರಿಯೆಗೆ ಮೂರು ದ್ವಾರಗಳು. ಬರೆದವನದು ಕೃತ, ಬರೆಸಿದವನದು ಕಾರಿತ, ಬಲ್ಲವನಾಗಿಯೂ ಮೆಚ್ಚಿ ನಕ್ಕವನದು ಅನುಮೋದನೆ. ತೆರಿಗೆ ಪೋಲಾದರೆ ಅದನ್ನು ಪ್ರಶ್ನಿಸುವುದು ಪೌರನ ಕರ್ತವ್ಯ. ಆ ಪ್ರಶ್ನೆಯನ್ನು ತೆರಿಗೆ ಕೊಟ್ಟವನು ಕೇಳಿದರೆ ಅದಕ್ಕೆ ತೂಕವುಂಟು.

ಅನುಮೋದನೆಯ ದ್ವಾರದಲ್ಲಿ ಬಸದಿಗಳ ಟ್ರಸ್ಟುಗಳೂ ನಿಂತಿವೆ. ಲೆಕ್ಕಕ್ಕೆ ಬಾರದ ಹಣ ಜೀರ್ಣೋದ್ಧಾರಕ್ಕೆಂದು ಬಂದಾಗ, ಅದರ ಮೂಲವನ್ನು ಕೇಳದೆ ರಸೀದಿಯಿಲ್ಲದೆ ಪಡೆದು ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಟ್ರಸ್ಟು, ನ್ಯಾಯೋಪಾತ್ತಧನದ ಉಪದೇಶವನ್ನು ಅದೇ ಗೋಡೆಯ ಕೆಳಗೆ ಹೂಳುತ್ತದೆ. ಟ್ರಸ್ಟುಗಳು ತಾವೇ ನಿವೇಶನ ಕೊಳ್ಳುವಾಗ, ಯಾತ್ರಿನಿವಾಸ ಕಟ್ಟುವಾಗ, ದೇವರ ಆಸ್ತಿಯ ಮೇಲೆ ಸಾಲ ಎತ್ತುವಾಗ 1634ರ ಕಟ್ಟಳೆ ಅವುಗಳಿಗೆ ನೇರವಾಗಿ ಅನ್ವಯಿಸುತ್ತದೆ. ಅಂದು ಅಡವಿಟ್ಟವರು ಹೊರಗಿನವರಲ್ಲ; ಪೂಜೆಯ ಹೊಣೆ ಹೊತ್ತ ಸ್ಥಾನಿಕರೇ ಎಂಬುದನ್ನು ಆಡಳಿತ ಮಂಡಳಿಗಳು ಮರೆಯಬಾರದು. ಕ್ರಯಪತ್ರದ ನಿಜವಾದ ಬೆಲೆ, ಸಾಲದ ಮೊತ್ತ, ಕಟ್ಟಿದ ತೆರಿಗೆ ಈ ಮೂರನ್ನೂ ವಾರ್ಷಿಕ ಸಭೆಯಲ್ಲಿ ಓದಿ ಹೇಳುವ ಟ್ರಸ್ಟಿಗೆ ಬೇರೆ ಧರ್ಮೋಪದೇಶದ ಅಗತ್ಯ ಬೀಳದು.

ಅಡವನ್ನು ಬಿಡಿಸಲು ಅಂದು ಒಬ್ಬ ದೊರೆ ಬಂದನು, ಬಿಟ್ಟುಕೊಡಲು ಸಹೃದಯ ವರ್ತಕರಿದ್ದರು. ಇಂದಿನ ಬ್ಯಾಂಕು ಕೊಡುವ ಸಾಲ ಸಾವಿರಾರು ಠೇವಣಿದಾರರ ಹಣ. ಅದನ್ನು ಧಾರೆಯೆರೆದು ಬಿಡುವ ಅಧಿಕಾರ ಬ್ಯಾಂಕಿನ ಯಾವ ಅಧಿಕಾರಿಗೂ ಇಲ್ಲ. ಪತ್ರದ ಸುಳ್ಳನ್ನು ಧಾರೆಯೆರೆದು ಕಳೆಯುವ ಮಾರ್ಗವಂತೂ ಎಂದಿಗೂ ಇರಲಿಲ್ಲ. ಆದುದರಿಂದ ಸಾಗಾರನ ಧರ್ಮ ಗೃಹಪ್ರವೇಶದ ದಿನ ಆರಂಭವಾಗುವುದಿಲ್ಲ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ, ಬೆಲೆಯ ಅಂಕಿಯನ್ನು ಬರೆಸುವ ಗಳಿಗೆಯಲ್ಲಿ ಆರಂಭವಾಗುತ್ತದೆ. ಹೊಸ ಮನೆಯಲ್ಲಿ ಪಾರ್ಶ್ವನಾಥನ ಪ್ರತಿಮೆಯ ಮುಂದೆ ಇಡಲು ಯೋಗ್ಯವಾದ ಮೊದಲ ಕಾಣಿಕೆ, ಅಲ್ಲಿ ನಿಸ್ಸಂಕೋಚವಾಗಿ ಬಿಚ್ಚಿ ಓದಬಹುದಾದ ಕ್ರಯಪತ್ರ.