ಅಮೃತಮಹಲ್ ಕಾವಲುಗಳು: ಗ್ಯಾಸೆಟಿಯರು ಕೇಳದ ಪ್ರಶ್ನೆ

ಮೈಸೂರು ದೇಶದ ಅಮೃತಮಹಲ್ ದನಗಳನ್ನು ಕುರಿತು ಬರೆದವರೆಲ್ಲರೂ ಲೂಯಿಸ್ ರೈಸರ 1897ರ ಗ್ಯಾಸೆಟಿಯರಿಗೆ ಋಣಿಗಳು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅದಕ್ಕೆ ಬಂದ ಹೊಸ ಹೆಸರು, ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆಯಿತೆಂಬ ಪ್ರಸಿದ್ಧವಾದ ಮಾತು, 1860ರಲ್ಲಿ ಮಿತವ್ಯಯಕ್ಕಾಗಿ ಹಿಂಡುಗಳನ್ನು ಮಾರಿದ್ದು, 1866ರಲ್ಲಿ ಮತ್ತೆ ಕೂಡಿಸಿದ್ದು, ಇವೆಲ್ಲ ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬಂದಿವೆ.

ಆಡಳಿತದ ಚರಿತ್ರೆಯಾಗಿ ಇದಕ್ಕೆ ಬೆಲೆಯುಂಟು. ಆದರೆ ದನ ಏನನ್ನು ಮೇಯಿತು, ಅದರಿಂದ ಅದರ ದೇಹಕ್ಕೆ ಏನಾಯಿತು ಎಂಬುದನ್ನು ರೈಸರಾಗಲಿ ಅವರನ್ನು ಅನುಸರಿಸಿದವರಾಗಲಿ ಮುಖ್ಯವೆಂದು ಎಣಿಸಿದಂತಿಲ್ಲ. ಸುಳಿವು ಮಾತ್ರ ಆ ಪುಟಗಳಲ್ಲಿಯೇ ಇದೆ. ಕಾವಲುಗಳನ್ನು ಬೇಸಗೆ, ಮಳೆಗಾಲ, ಚಳಿಗಾಲಗಳಿಗೆಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಗೆಯವುಗಳಲ್ಲಿ ಕೆರೆಯಂಗಳಗಳೂ ನೆರಳಿನ ಮರಗಳೂ ಇರುತ್ತಿದ್ದವು.

ಇದು ಕೇವಲ ಮೇವಿನ ಅನುಕೂಲವೆಂದು ತಿಳಿದರೆ ಸಾಲದು. ಎಲುಬು ಗಟ್ಟಿಯಾಗುವುದಕ್ಕೆ ಸುಣ್ಣ, ರಂಜಕ, ಬಿಸಿಲು, ನಡಿಗೆ ಎಲ್ಲವೂ ಬೇಕು. ಬಲಿತು ಒಣಗಿದ ಹುಲ್ಲಿನಲ್ಲಿ ರಂಜಕ ಕಡಮೆ. ಆ ಕೊರತೆಗೆ ಸಿಕ್ಕಿದ ದನ ಬಯಲಲ್ಲಿ ಬಿದ್ದ ಎಲುಬನ್ನೇ ಕಡಿಯತೊಡಗುವುದೆಂಬುದನ್ನು ದಕ್ಷಿಣ ಆಫ್ರಿಕದ ಆರ್ನಾಲ್ಡ್ ಥೈಲರ್ ಮತ್ತು ಅವರ ಸಹೋದ್ಯೋಗಿಗಳು 1920ರ ದಶಕದಲ್ಲಿ ವಿವರಿಸಿದರು. ಹಿಂಡನ್ನು ಒಂದೇ ಬಯಲಿನಲ್ಲಿ ನಿಲ್ಲಿಸದೆ ಹೊಸ ಹುಲ್ಲಿನ ಕಡೆಗೆ ನಡೆಸುತ್ತಿದ್ದುದು, ನಡೆಸಿದವರಿಗೆ ಕಾರಣ ತಿಳಿದಿರಲಿ ಬಿಡಲಿ, ಎಲುಬಿನ ಆರೈಕೆಯೂ ಆಗಿದ್ದಿತು.

ಬಾಬಾಬುಡನಗಿರಿಯ ದಾರಿಯಲ್ಲಿ ಅತ್ತಿಗುಂಡಿಯವರೆಗೆ ಹತ್ತಿದವನಿಗೆ ಹುಲ್ಲಿನ ಮಹತ್ವ ಪುಸ್ತಕದ ನೆರವಿಲ್ಲದೆ ತಿಳಿಯುವುದು. ಬೆಟ್ಟಸಾಲಿನ ಮೂಡಲಿಗೆ ಕಡೂರು, ಬೀರೂರು, ಅಜ್ಜಂಪುರಗಳ ಬಯಲು, ಅಮೃತಮಹಲಿನ ನೆಲ. ಈಚೆಗೆ ಕಾಫಿತೋಟಗಳ ಸೀಮೆಯಲ್ಲಿ ಕುಳ್ಳಾದ ಮಲೆನಾಡು ಗಿಡ್ಡ. ಮಳೆ ಮಣ್ಣಿನ ಸುಣ್ಣವನ್ನು ತೊಳೆದೊಯ್ಯುವ ಗುಡ್ಡಗಳಲ್ಲಿ ದೊಡ್ಡ ಎಲುಬಿನ ದನ ಬಾಳುವುದು ಕಷ್ಟ. ಗಿಡ್ಡತನವನ್ನು ಕೀಳು ತಳಿಯ ಗುರುತೆಂದು ಬರೆಯುವವರು ದನವನ್ನು ನೋಡಿದ್ದಾರೆ, ಹುಲ್ಲನ್ನು ನೋಡಿಲ್ಲ.

ಹಾಗೆಂದು ಕಾವಲಿನ ಪದ್ಧತಿಯನ್ನು ಹೊಗಳುವವರ ಉತ್ಸಾಹಕ್ಕೂ ಮಿತಿ ಬೇಕು. ಯಕೃತ್ತಿನ ಚಪ್ಪಟೆ ಹುಳು ನೀರಿನ ಬಸವನಹುಳುವಿನೊಳಗೆ ಬೆಳೆದು, ನೀರಂಚಿನ ಹುಲ್ಲಿಗೆ ಅಂಟಿ, ಮೇಯುವ ದನದ ಪಿತ್ತನಾಳಗಳಲ್ಲಿ ನೆಲಸುತ್ತದೆ. ದನ ರಕ್ತಹೀನವಾಗಿ, ದವಡೆಯ ಕೆಳಗೆ ಊದಿಕೊಂಡು ಸೊರಗುವುದು. ಈ ಜೀವನಚಕ್ರವನ್ನು ಯೂರೋಪಿನ ವಿದ್ವಾಂಸರು ಬಿಡಿಸಿದ್ದೇ 1880ರ ದಶಕದ ಆರಂಭದಲ್ಲಿ. ಅಂದಮೇಲೆ ಬೇಸಗೆಯಲ್ಲಿ ಹಿಂಡಿನ ಪ್ರಾಣ ಉಳಿಸುತ್ತಿದ್ದ ಕೆರೆಯಂಗಳವೇ ಅದರ ಯಕೃತ್ತಿಗೆ ಅಪಾಯದ ಸ್ಥಳವೂ ಆಗಬಹುದಾಗಿತ್ತು. ಅಲ್ಲಿ ಎಷ್ಟು ದಿನ ನಿಲ್ಲಿಸಿದರು, ಯಾವಾಗ ಎಬ್ಬಿಸಿದರು ಎಂಬುದು ನನ್ನ ದೃಷ್ಟಿಯಲ್ಲಿ ಆ ನೂರು ಮೈಲಿಗಿಂತ ದೊಡ್ಡ ಚಾರಿತ್ರಿಕ ವಿಷಯ. ಇಲಾಖೆಯ ಹಳೆಯ ಕಾಗದಪತ್ರಗಳನ್ನು ಈ ಕಣ್ಣಿನಿಂದ ಓದಬೇಕಾಗಿದೆ.

2008ರ ಅನಂತರ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಹೋಯಿತು. ವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಎಕರೆಗಳ ಲೆಕ್ಕದ ಜೊತೆಗೆ, ಹೋದದ್ದು ಯಾವ ಋತುವಿನ ಕಾವಲು ಎಂದೂ ಕೇಳಬೇಕು. ಮೂರರಲ್ಲಿ ಒಂದು ತಪ್ಪಿದರೆ ಹಿಂಡು ಉಳಿದೆರಡರಲ್ಲಿ ಹೆಚ್ಚು ದಿನ ನಿಲ್ಲಬೇಕಾಗುವುದು, ಕೆರೆಯಂಚಿನಲ್ಲಿಯೂ.