ಸನ್ನೆ ನೋಡದವನ ಹೊಗಳಿಕೆ

ತರಗತಿಯಲ್ಲಿ ವ್ಯಾಜಸ್ತುತಿಯ ಪಾಠ ಬಂದಾಗ ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು: ಮೇಲೆ ಹೊಗಳಿಕೆಯಿದ್ದರೆ ಒಳಗೆ ತೆಗಳಿಕೆ, ಮೇಲೆ ತೆಗಳಿಕೆಯಿದ್ದರೆ ಒಳಗೆ ಹೊಗಳಿಕೆ, ಎರಡರಲ್ಲಿ ಒಂದು ಬರಿಯ ಸೋಗು. ಎರಡೂ ನಿಜವಾದ ಮಾತೊಂದು ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿದೆ. ಅದಕ್ಕೆ ಯಾವ ಅಲಂಕಾರದ ಹೆಸರಿಡಬೇಕೋ ನನಗೆ ತಿಳಿಯದು.

ಮಾತು ಟೋನಿ ಮುಲೇನನದು. ಹೊಗಳಿಸಿಕೊಂಡವನು ಮೋಸಸ್ ಫ್ಲೀಟ್‌ವುಡ್ ವಾಕರ್. 1884ರಲ್ಲಿ ಇಬ್ಬರೂ ಓಹಾಯೋ ಸಂಸ್ಥಾನದ ಟೊಲೆಡೊ ತಂಡದಲ್ಲಿದ್ದರು. ಮುಲೇನ್ ಚೆಂಡೆಸೆಯುವವನು, ಆ ವರ್ಷ 36 ಪಂದ್ಯಗಳ ಗೆಲುವು ಅವನ ಹೆಸರಿನಲ್ಲಿದೆ. ವಾಕರ್ ಕ್ಯಾಚರ್, ಅಂದರೆ ನಮ್ಮ ಕ್ರಿಕೆಟ್ಟಿನ ವಿಕೆಟ್‌ಕೀಪರನಂತೆ ದಾಂಡಿಗನ ಹಿಂದೆ ಕುಳಿತು ಚೆಂಡು ಹಿಡಿಯುವವನು. ಯಾವ ಬಗೆಯ ಚೆಂಡು ಬರಬೇಕೆಂದು ಬೆರಳ ಸನ್ನೆಯಿಂದ ತಿಳಿಸುವವನೂ ಅವನೇ. ಅವನು ಬಹುಮಟ್ಟಿಗೆ ಬರಿಗೈಯಲ್ಲೇ ಹಿಡಿಯುತ್ತಿದ್ದ ಕಾಲ ಅದು. ವಾಕರ್ ಕಪ್ಪು ಜನಾಂಗದವನು.

1919ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಮುಲೇನನ ಮಾತಿನ ಸಾರ ಇಷ್ಟು: ತಾನು ಕಂಡ ಕ್ಯಾಚರುಗಳಲ್ಲಿ ವಾಕರನೇ ಶ್ರೇಷ್ಠ; ಆದರೆ ಕರಿಯನೆಂಬ ಅಸಹನೆಯಿಂದ ಅವನ ಸನ್ನೆಯನ್ನು ನೋಡದೆ ತನಗೆ ತೋಚಿದಂತೆ ಎಸೆಯುತ್ತಿದ್ದೆ. ಕಡೆಗೆ ವಾಕರ್ ಬಂದು, ಇನ್ನು ಸನ್ನೆಯಿಲ್ಲದೆಯೇ ಹಿಡಿಯುತ್ತೇನೆಂದನಂತೆ; ಏನು ಬರುವುದೆಂದು ತಿಳಿಯದೆಯೇ ಹಿಡಿದನಂತೆ.

ಈ ಮಾತನ್ನು ಪಶ್ಚಾತ್ತಾಪವೆಂದು ಓದಿ ಸಮಾಧಾನಪಡುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಹೊಗಳಿಕೆಗೆ ಆಧಾರವಾದ ಅನುಭವ ಅನ್ಯಾಯದಿಂದಲೇ ಬಂದದ್ದು. ಸನ್ನೆ ನೋಡಿ ಎಸೆದಿದ್ದರೆ ವಾಕರನ ಕೈಚಳಕದ ಆಳ ಮುಲೇನನಿಗೆ ಅಷ್ಟು ತಿಳಿಯುತ್ತಿರಲಿಲ್ಲ. ಗುಣವನ್ನು ಅಷ್ಟು ಚೆನ್ನಾಗಿ ಬಲ್ಲವನು ಅದನ್ನು ಹೇಳಲು 35 ವರ್ಷ ತೆಗೆದುಕೊಂಡ. ಅಷ್ಟರಲ್ಲಿ ಹೇಳಿ ಪ್ರಯೋಜನವಾಗುವ ಕಾಲ ಮೀರಿತ್ತು. 42 ಪಂದ್ಯಗಳಾದ ಮೇಲೆ, ಗಾಯಗೊಂಡ ವಾಕರನನ್ನು ತಂಡ ಬಿಟ್ಟುಕೊಟ್ಟಿತು. 1887ರ ಜುಲೈ 14ರಂದು ಇಂಟರ್‌ನ್ಯಾಷನಲ್ ಲೀಗು, ಕಪ್ಪು ಆಟಗಾರರೊಡನೆ ಹೊಸ ಕರಾರು ಬೇಡವೆಂದು ನಿರ್ಣಯಿಸಿತು. ವಾಕರ್ 1889ರವರೆಗೆ ಸಿರಕ್ಯೂಸ್ ತಂಡದಲ್ಲಿ ಉಳಿದ. ಮೇಲ್ಮಟ್ಟದ ಲೀಗುಗಳ ಬಾಗಿಲು ಕಪ್ಪು ಆಟಗಾರರಿಗೆ ಮತ್ತೆ ತೆರೆದದ್ದು 1947ರಲ್ಲಿ, ಜಾಕಿ ರಾಬಿನ್ಸನ್ನನಿಗೆ.

1908ರಲ್ಲಿ ವಾಕರ್ ತಾನೇ ಒಂದು ಕಿರುಹೊತ್ತಗೆ ಬರೆದ. ಹೆಸರು ‘ಅವರ್ ಹೋಮ್ ಕಾಲೊನಿ’. ಕಪ್ಪು ಜನ ಅಮೆರಿಕವನ್ನು ಬಿಟ್ಟು ಆಫ್ರಿಕಕ್ಕೆ ಹೋಗುವುದೇ ದಾರಿ ಎಂಬುದು ಅದರ ವಾದ. ಹುಟ್ಟಿದ ನೆಲವನ್ನು ಬಿಟ್ಟುಕೊಡಬೇಕೆಂಬ ಈ ತೀರ್ಮಾನವನ್ನು ನಾನು ಒಪ್ಪಲಾರೆ. ಆದರೆ ಒಂದೇ ತಂಡದವನು, ಒಂದೇ ಗೆಲುವಿಗಾಗಿ ಆಡುವವನು, ತನ್ನ ಸನ್ನೆಯನ್ನು ನೋಡಲೊಲ್ಲದ್ದನ್ನು ಕಂಡವನಿಗೆ ‘ನೆರೆಯವರನ್ನು ನಂಬು’ ಎಂದು ಹೇಳುವ ಧೈರ್ಯವೂ ನನಗಿಲ್ಲ.

1924ರಲ್ಲಿ ತೀರಿಕೊಂಡ ವಾಕರನ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1990ರಲ್ಲಿ. ಈಗ ಅವನನ್ನು ‘ಮೊದಲಿಗರಲ್ಲಿ ಒಬ್ಬ’ನೆಂದು ಕೊಂಡಾಡುವವರು ಮುಲೇನನ ಹೊಗಳಿಕೆಯನ್ನೂ ಎತ್ತಿ ಹೇಳುತ್ತಾರೆ. ಹೇಳಲಿ, ಆದರೆ ‘ಆದರೆ’ ಎಂಬಲ್ಲಿಗೇ ನಿಲ್ಲಿಸದೆ ಪೂರ್ತಿ ಹೇಳಲಿ.