'ಶಿಕಾರಿ'ಯ ಕಛೇರಿ, ನಮ್ಮ ಕಛೇರಿ

ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಭೇಟಿಯಾದರೆ ಮೊದಲ ಪ್ರಶ್ನೆ 'ಯಾವ ಊರು?', ಎರಡನೆಯದು 'ಎಲ್ಲಿ ಕೆಲಸ?'. ಮೊದಲನೆಯದಕ್ಕೆ ಉತ್ತರ ಸಾಯುವವರೆಗೂ ಒಂದೇ. ಎರಡನೆಯದಕ್ಕೆ ಒಮ್ಮೊಮ್ಮೆ ಉತ್ತರವೇ ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ ಯಾವುದೋ ಒಳ ವಿಚಾರಣೆಯ ಹೆಸರಿನಲ್ಲಿ ನನ್ನನ್ನು ಹತ್ತೊಂಬತ್ತು ದಿನ ಮನೆಯಲ್ಲಿ ಕೂರಿಸಿತ್ತು. ಆರೋಪ ಏನೆಂದು ಯಾರೂ ಬಿಡಿಸಿ ಹೇಳಲಿಲ್ಲ. ಸಂಬಳ ನಿಲ್ಲಲಿಲ್ಲ. ಕೊನೆಗೆ, ನಿಮ್ಮ ಮೇಲೇನೂ ಇಲ್ಲ, ಸೋಮವಾರ ಬನ್ನಿ ಎಂದು ಎರಡು ಸಾಲಿನ ಮೇಲ್ ಬಂತು. ಆ ನಡುವೆ ಗಣೇಶೋತ್ಸವದ ಕಾರ್ಯಕ್ರಮವಿತ್ತು, ನಾನು ಹೋಗಲಿಲ್ಲ. ಎರಡನೆಯ ಪ್ರಶ್ನೆಗೆ ಹೆದರಿದ್ದೆ.

ಆ ದಿನಗಳಲ್ಲಿ ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಮತ್ತೆ ಓದಿದೆ. ಕಾಲೇಜಿನಲ್ಲಿ ಓದಿದ್ದ ಕಾದಂಬರಿ ಇದೇನಾ ಅನ್ನಿಸಿತು.

'ಶಿಕಾರಿ' ಪ್ರಕಟವಾದದ್ದು 1979ರಲ್ಲಿ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಚಿತ್ತಾಲರು ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದವರು, ಪ್ಲಾಸ್ಟಿಕ್ ಮತ್ತು ರಾಳಗಳ ಉದ್ಯಮದಲ್ಲಿ ದುಡಿದವರು. ಕಾದಂಬರಿಯ ನಾಯಕ ನಾಗಪ್ಪ ಕೂಡ ಊರು ಬಿಟ್ಟು ಮುಂಬಯಿ ಸೇರಿದವನು, ದೊಡ್ಡ ಕಂಪನಿಯೊಂದರಲ್ಲಿ ಮೇಲಿನ ಹುದ್ದೆಗೆ ಏರಿದವನು. ಒಂದು ದಿನ ಅವನನ್ನು ಕೆಲಸದಿಂದ ದೂರ ಇಡಲಾಗುತ್ತದೆ. ತನ್ನ ಮೇಲಿನ ಆಪಾದನೆ ಏನು, ಅದರ ಹಿಂದೆ ಯಾರಿದ್ದಾರೆ ಎಂಬ ಹುಡುಕಾಟವೇ ಕಾದಂಬರಿ.

ನಮ್ಮ ವಿಮರ್ಶೆ ಇದನ್ನು ಹೆಚ್ಚಾಗಿ ಅಸ್ತಿತ್ವವಾದದ ಕನ್ನಡಕದಲ್ಲಿ ಓದಿದೆ. ಕಾಫ್ಕಾನ 'ದಿ ಟ್ರಯಲ್' ಜೊತೆಗಿಟ್ಟು ನೋಡಿದೆ. ಅದು ತಪ್ಪಲ್ಲ. ಆದರೆ ಹಾಗೆ ಓದುವಾಗ ಕಛೇರಿ ಬರೀ ಒಂದು ರೂಪಕವಾಗಿಬಿಡುತ್ತದೆ, ಮನುಷ್ಯನ ಅನಾಥತೆಗೆ ತೊಡಿಸಿದ ಅಂಗಿಯ ಹಾಗೆ. ನನ್ನ ತಕರಾರು ಇಲ್ಲಿದೆ. 'ಶಿಕಾರಿ'ಯಲ್ಲಿ ಕಛೇರಿ ರೂಪಕವಲ್ಲ, ಅದೇ ವಸ್ತು. ಬಡ್ತಿ, ಅಸೂಯೆ, ಪತ್ರಗಳ ಭಾಷೆ, ಯಾರು ಯಾರಿಗೆ ಫೋನ್ ಮಾಡಿದರು ಎಂಬ ಲೆಕ್ಕಾಚಾರ, ಇವೆಲ್ಲ ಅಷ್ಟು ವಿವರವಾಗಿ ಬರುವುದು ಚಿತ್ತಾಲರಿಗೆ ಅದರ ಒಳಗು ಗೊತ್ತಿದ್ದುದರಿಂದ. ಕೆಲಸ ಒಬ್ಬ ಮನುಷ್ಯನಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಇಷ್ಟು ಹತ್ತಿರದಿಂದ ಕೇಳಿದ ಕಾದಂಬರಿ ಇನ್ನೊಂದನ್ನು ನಾನು ಓದಿಲ್ಲ.

ನಾಗಪ್ಪನ ಸಂಕಟದ ಮೂಲ ಎಲ್ಲಿದೆ? ಅವನು ಹಸಿವಿನಿಂದ ಹೆದರಿದವನಲ್ಲ. 'ನಾನು ಯಾರು' ಎಂದು ಹೇಳುವ ಅಧಿಕಾರವನ್ನು ಅವನು ಎಂದೋ ಕಂಪನಿಗೆ ಬರೆದುಕೊಟ್ಟಿದ್ದಾನೆ. ಹಾಗೆ ಕೊಟ್ಟದ್ದು ಅವನಿಗೇ ತಿಳಿದಿಲ್ಲ. ಹಾಗಾಗಿ ಕಂಪನಿ ತಪ್ಪಿತಸ್ಥನೆಂದ ಕೂಡಲೇ ಅವನು ಕಡತ ತೆರೆದು ನೋಡುವ ಬದಲು ತನ್ನ ಬಾಳನ್ನೇ ತೆರೆದು ಕೂರುತ್ತಾನೆ. ಬಾಲ್ಯ, ಮನೆತನದ ದುರಂತಗಳು, ಹಳೆಯ ಸಂಬಂಧಗಳು, ಎಲ್ಲದರಲ್ಲೂ ಆ ತಪ್ಪನ್ನು ಹುಡುಕುತ್ತಾನೆ. ಊರಿನ ಕಾಲದ ಪರಿಚಯದ ಶ್ರೀನಿವಾಸನಂಥವರಿಗೆ ಆ ಗತವೇ ಆಯುಧವಾಗುತ್ತದೆ. ವಲಸೆ ಬಂದವನಿಗೆ ಇದು ಇನ್ನೂ ಕಷ್ಟ. ಊರಿನಲ್ಲಿದ್ದರೆ 'ಇಂಥವರ ಮಗ' ಎಂಬ ಗುರುತಾದರೂ ಕೈಯಲ್ಲಿರುತ್ತದೆ. ಮುಂಬಯಿಯಲ್ಲಿ, ಪುಣೆಯಲ್ಲಿ ನಮಗಿರುವುದು ಕೊರಳಲ್ಲಿ ತೂಗುವ ಕಾರ್ಡು ಮಾತ್ರ.

ನನ್ನ ಹತ್ತೊಂಬತ್ತು ದಿನಗಳಲ್ಲೂ ನಾನು ಮಾಡಿದ್ದು ಅದನ್ನೇ. ಐದು ವರ್ಷ ಹಿಂದಿನ ಮೇಲ್‌ಗಳನ್ನು ನೆನಪಿನಲ್ಲೇ ತಿರುವಿಹಾಕಿದೆ. ಒಂದು ರಾತ್ರಿ, ಏಳನೇ ತರಗತಿಯಲ್ಲಿ ಗೆಳೆಯನ ಕಾಂಪಾಸ್ ಬಾಕ್ಸ್ ಕದ್ದದ್ದು ನೆನಪಾಗಿ ಎದ್ದು ಕೂತೆ. ಕಂಪನಿಯವರಿಗೂ ಕಾಂಪಾಸ್ ಬಾಕ್ಸಿಗೂ ಏನು ಸಂಬಂಧ ಎಂದು ಹೆಂಡತಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾಗಪ್ಪನಲ್ಲಿತ್ತು.

ಮತ್ತೊಂದು ಸಂಗತಿ ಗಮನಿಸಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆ 'ಕಾರ್ಮಿಕ' ಎಂಬ ವ್ಯಾಖ್ಯೆಯಿಂದ ಮುಖ್ಯವಾಗಿ ಆಡಳಿತ, ಮ್ಯಾನೇಜರ್ ಹುದ್ದೆಗಳಲ್ಲಿ ಇರುವವರನ್ನು ಹೊರಗಿಟ್ಟಿತ್ತು. ಆ ಕಾಲದ ಮುಂಬಯಿಯ ಗಿರಣಿ ಕೆಲಸಗಾರನಿಗೆ ಯೂನಿಯನ್ ಇತ್ತು, ಜೊತೆಗೆ ನಿಂತು ಕೂಗುವ ಜನರಿದ್ದರು. ನಾಗಪ್ಪನಂಥ ಅಧಿಕಾರಿಗೆ ಸಂಬಳ ಹೆಚ್ಚು, ಜೊತೆಗಾರರಿಲ್ಲ. ಅವನಿಗೆ ಏನಾಯಿತೋ ಅದನ್ನು ಅವನೊಬ್ಬನೇ, ತನ್ನ ತಲೆಯೊಳಗೇ ಹೋರಾಡಿ ಮುಗಿಸಬೇಕು. ಅವನ ದಿಗಿಲನ್ನು ಬರೀ ಸ್ವಭಾವದ ದೋಷವೆಂದು, ಕಾಯಿಲೆಯೆಂದು ಓದುವವರು ಇದನ್ನು ಮರೆಯುತ್ತಾರೆ. ಆ ದಿಗಿಲಿನ ಒಂದು ಪಾಲು ಅವನ ಹುದ್ದೆಯ ಜೊತೆಗೇ ಬಂದದ್ದು.

ಈಗ ಇಂಥದಕ್ಕೆಲ್ಲ 'ಬರ್ನ್‌ಔಟ್' ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ವಿವರಿಸಿದಾಗ ಕಾಯಿಲೆ ಎಂದು ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಲಕ್ಷಣಗಳು ಮೂರು: ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನಿಂದ ಆಗುತ್ತಿಲ್ಲ ಎಂಬ ಭಾವ. ನಾಗಪ್ಪನಲ್ಲಿ ಎರಡನೆಯದು ಪೂರ್ತಿ ತಿರುಗುಮುರುಗು. ಅವನ ಮನಸ್ಸು ಕೆಲಸದಿಂದ ದೂರವಾಗಿಲ್ಲ. ಕೆಲಸವೇ ಅವನನ್ನು ದೂರ ಇಟ್ಟಿದೆ, ಮನಸ್ಸು ಅಲ್ಲಿಯೇ ಉಳಿದಿದೆ. ರಜೆ ಹಾಕಿ ಊರಿಗೆ ಹೋಗಿ ಬನ್ನಿ ಎಂಬ ಸಲಹೆ ಇಂಥವನಿಗೆ ಔಷಧಿಯಾಗದು, ರಜೆಯೇ ಅವನ ಶಿಕ್ಷೆ. ಈ ವ್ಯತ್ಯಾಸವನ್ನು ತೋರಿಸಲು ವರದಿಗಿಂತ ಕಾದಂಬರಿಯೇ ಬೇಕಾಯಿತು.

ಇಷ್ಟು ಹೇಳಿದ ಮೇಲೆ 'ಶಿಕಾರಿ' ಎಲ್ಲಿ ಸೋಲುತ್ತದೆ ಎಂದೂ ಹೇಳಬೇಕು. ಹೆಸರೇ ಹೇಳುವಂತೆ ಅಲ್ಲಿ ಬೇಟೆಗಾರರಿದ್ದಾರೆ. ಫಿರೋಜ್ ಬಂದೂಕವಾಲಾನ ಹೆಸರಿನಲ್ಲೇ ಬಂದೂಕಿದೆ. ಯಾರೋ ಹೊಂಚು ಹಾಕಿ ಕೂತಿದ್ದಾರೆ ಎಂದು ನಂಬುವುದು ಭಯಾನಕ, ನಿಜ. ಆದರೆ ಅದರಲ್ಲಿ ಒಂದು ಗುಟ್ಟಾದ ಸಮಾಧಾನವೂ ಇದೆ: ನನ್ನನ್ನು ಕೆಡವಲು ಇಷ್ಟು ಜನ ಕಷ್ಟಪಡುತ್ತಿದ್ದಾರೆ ಎಂದರೆ ನಾನು ಅಷ್ಟು ಮುಖ್ಯನಾದವನು. ಕಾದಂಬರಿ ಈ ಸಮಾಧಾನವನ್ನು ನಾಗಪ್ಪನಿಂದ ಪೂರ್ತಿ ಕಿತ್ತುಕೊಳ್ಳುವುದಿಲ್ಲ. ಇಂದಿನ ಕಛೇರಿಗಳಲ್ಲಿ ಆ ಸಮಾಧಾನಕ್ಕೂ ಜಾಗವಿಲ್ಲ. ಬೆಳಿಗ್ಗೆ ಲಾಗಿನ್ ಆಗದೆ ಹೋದಾಗ ಕೆಲಸ ಹೋದದ್ದು ತಿಳಿಯುವವನಿಗೆ ಬೈಯಲು ಒಂದು ಹೆಸರೂ ಸಿಗುವುದಿಲ್ಲ. ನನ್ನ ವಿಷಯದಲ್ಲೂ ಶತ್ರು ಯಾರೂ ಇರಲಿಲ್ಲ. ಯಾವುದೋ ಪಟ್ಟಿಯಲ್ಲಿ ನನ್ನ ಹೆಸರು ಸೇರಿತ್ತು, ಆಮೇಲೆ ತೆಗೆದರು, ಅಷ್ಟೇ. ಅದನ್ನು ಅರಗಿಸಿಕೊಳ್ಳುವುದೇ ಹೆಚ್ಚು ಕಷ್ಟವಾಯಿತು.

ಹಾಗಾದರೆ ಕೆಲಸದ ಹಂಗೇ ಇಲ್ಲದಿದ್ದರೆ ಮನಸ್ಸು ನೆಟ್ಟಗಿರುತ್ತದೆಯೇ? ಇದಕ್ಕೆ ಉತ್ತರದ ಹಾಗಿದೆ ವಿವೇಕ ಶಾನಭಾಗರ 'ಘಾಚರ್ ಘೋಚರ್' (2013). ಬೆಂಗಳೂರಿನ ಒಂದು ಕುಟುಂಬ. ಅಪ್ಪ ಚಹಾಪುಡಿ ಕಂಪನಿಯ ಸೇಲ್ಸ್‌ಮನ್ ಆಗಿದ್ದಷ್ಟು ಕಾಲ ಬಡತನವಿತ್ತು, ಜೊತೆಗೆ ಒಗ್ಗಟ್ಟೂ ಇತ್ತು. ಅವನ ಲೆಕ್ಕ ತಾಳೆಯಾಗದಿದ್ದರೆ ಮನೆಯವರಿಗೆಲ್ಲ ಚಿಂತೆ. ಆಮೇಲೆ ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರ ಕೈಹಿಡಿದು ಹಣ ಬರುತ್ತದೆ. ನಿರೂಪಕನಿಗೆ ಅದರಲ್ಲಿ ಒಂದು ಹುದ್ದೆ, ತಿಂಗಳಿಗೆ ಹಣ. ಮಾಡಲು ಕೆಲಸವಿಲ್ಲ. ಅವನು ಕಾಫಿ ಹೌಸಿನಲ್ಲಿ ಹೊತ್ತು ಕಳೆಯುತ್ತಾನೆ. ಗಂಡನದು ಸ್ವಂತ ದುಡಿಮೆಯಲ್ಲ ಎಂದು ಗೊತ್ತಾದಾಗ ಹೆಂಡತಿ ಅನಿತಾಳಿಗೆ ಆಗುವ ಆಘಾತ ಆ ಮನೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಶಾನಭಾಗರು ಈ ನಿರೂಪಕನಿಗೆ ಹೆಸರು ಕೊಟ್ಟಿಲ್ಲ. ಕೆಲಸವೇ ತಾನು ಎಂದು ನಂಬಿದ ನಾಗಪ್ಪ ಒಂದು ತುದಿ, ಯಾವ ಕೆಲಸಕ್ಕೂ ಬೇಡವಾದ ಈ ಹೆಸರಿಲ್ಲದವನು ಇನ್ನೊಂದು ತುದಿ. ಇಬ್ಬರೂ ಉಣ್ಣುವುದು ಬೇರೆಯವರು ಬಡಿಸಿದ ಗುರುತನ್ನೇ. ದುಡಿಯುವ ಒಬ್ಬನನ್ನು ಉಳಿದವರೆಲ್ಲ ಕಾಯುವ ಆ ಮನೆ ಯಾವ ಕಛೇರಿಗೂ ಕಡಿಮೆಯಿಲ್ಲ.

ಈ ಎರಡು ತುದಿಗಳ ನಡುವೆ ಜಯಂತ ಕಾಯ್ಕಿಣಿಯವರ ಕಥೆಗಳಿವೆ. ಮುಂಬಯಿಯ ಔಷಧ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಕಾಯ್ಕಿಣಿಯವರು ಕಥೆಗಳಲ್ಲಿ ಹೆಚ್ಚಾಗಿ ಅಧಿಕಾರಿಗಳ ಕ್ಯಾಬಿನ್ನಿಗೆ ಹೋಗಲಿಲ್ಲ. 'ಒಪೆರಾ ಹೌಸ್' ಕಥೆಯ ಇಂದ್ರನೀಲ ಮುಚ್ಚಲಿರುವ ಚಿತ್ರಮಂದಿರದಲ್ಲಿ ಕಸ ಗುಡಿಸುವವನು. ಪ್ರೇಕ್ಷಕರು ಬಿಟ್ಟುಹೋದ ವಸ್ತುಗಳ ಜೊತೆ ಅವನಿಗೊಂದು ನಂಟಿದೆ. ಯಾರೋ ಮರೆತುಹೋದ ಥರ್ಮಾಸ್ ಅವನನ್ನು ಕಾಡುತ್ತದೆ. ಕೆಲಸ ಅವನನ್ನೂ ರೂಪಿಸಿದೆ, ಆದರೆ ಹುದ್ದೆಯ ಮೂಲಕವಲ್ಲ. ಕೈ ದಿನಾ ಮುಟ್ಟುವ ವಸ್ತುಗಳ ಮೂಲಕ, ಕಾಣದ ಜನರ ಮೇಲಿನ ಕಾಳಜಿಯ ಮೂಲಕ. ಚಿತ್ರಮಂದಿರ ಮುಚ್ಚಿದರೂ ಅದು ಅವನದೇ. ಬಡತನವನ್ನು ಚೆಂದ ಮಾಡುವ ಅಪಾಯ ಕಾಯ್ಕಿಣಿಯವರಲ್ಲಿ ಒಮ್ಮೊಮ್ಮೆ ಇಣುಕುತ್ತದೆ ಎಂದು ಒಪ್ಪಿಕೊಂಡೇ ಹೇಳುತ್ತೇನೆ: ನಾಗಪ್ಪನಿಗೆ ಸಿಗದ ಒಂದು ದಾರಿ ಇಲ್ಲಿದೆ. ಹುದ್ದೆ ಕಂಪನಿಯದು. ಮಾಡಿದ ಕೆಲಸದ ಅಕ್ಕರೆ ಮಾತ್ರ ಮಾಡಿದವನದು.

ಸೋಮವಾರ ನಾನು ಕಛೇರಿಗೆ ಹೋದೆ. ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ದಾವಣಗೆರೆಯವಳು, ನಾನು ಬರೆದಿದ್ದ ಹಳೆಯ ಕೋಡಿನ ಒಂದು ಭಾಗ ತೋರಿಸಿ, "ಸರ್, ಇದನ್ನ ಯಾಕೆ ಹಿಂಗ್ ಮಾಡೀರಿ, ಹೇಳ್ರಿ" ಅಂದಳು. ಮುಕ್ಕಾಲು ಗಂಟೆ ವಿವರಿಸಿದೆ. ಆ ಮುಕ್ಕಾಲು ಗಂಟೆ ಕಾಂಪಾಸ್ ಬಾಕ್ಸ್ ನೆನಪಾಗಲಿಲ್ಲ. ಸಂಜೆ ಅವಳಿಗೆ 'ಶಿಕಾರಿ' ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ.